ಗ್ರಂಥಪಾಲಕರಿಗೆ ಪ್ರಚಾರದ ಪಾಠ ಹೇಳಿದ ಗಣಿತ ಮೇಷ್ಟ್ರು ಎಸ್.ಆರ್. ರಂಗನಾಥನ್

ಕಡೂರಿನ ಬಿ.ಎಚ್. ರಸ್ತೆಯಲ್ಲಿ ಮಳಿಗೆ ಇರುವವರಿರಲಿ, ತರೀಕೆರೆ ಪೇಟೆಯಲ್ಲಿ ಅಂಗಡಿ ಕಟ್ಟಿಸಿದವರಿರಲಿ, ಅಜ್ಜಂಪುರದಲ್ಲಿ ಸ್ವಂತ ಮನೆ ಮಾಡಿಕೊಂಡವರಿರಲಿ, ವರ್ಷಕ್ಕೊಮ್ಮೆ ಆಸ್ತಿ ತೆರಿಗೆ ಕಟ್ಟಲೇಬೇಕು. ತೆರಿಗೆ ಕಟ್ಟುವಾಗ ಅದರ ಜೊತೆಗೆ ಗ್ರಂಥಾಲಯ ಕರ ಅಂತ ಒಂದು ಸಣ್ಣ ಮೊತ್ತವೂ ಸೇರಿರುತ್ತೆ. ತೆರಿಗೆಯ ಪ್ರತಿ 100 ರೂಪಾಯಿಗೆ 6 ರೂಪಾಯಿ. ಅಂದರೆ 5,000 ರೂಪಾಯಿ ತೆರಿಗೆ ಕಟ್ಟುವ ಅಂಗಡಿ ಮಾಲೀಕರು 300 ರೂಪಾಯಿಯನ್ನು ಊರಿನ ಗ್ರಂಥಾಲಯಕ್ಕೆ ಅಂತಲೇ ಕೊಟ್ಟಿರ್ತಾರೆ. ದುಡ್ಡು ಕೊಟ್ಟವರಲ್ಲಿ ಗ್ರಂಥಾಲಯದ ಬಾಗಿಲು ಎಲ್ಲಿದೆ ಅಂತ ಗೊತ್ತಿರುವವರು ಎಷ್ಟು ಜನ ಅನ್ನೋದು ಬೇರೆ ಮಾತು.

ಸಾರ್ವಜನಿಕ ಗ್ರಂಥಾಲಯ ದಾನಿಗಳ ಕೃಪೆಯ ಮೇಲೆ ನಡೆಯಬಾರದು, ಕಾನೂನಿನ ಮೂಲಕ ಬರುವ ಕರದಿಂದ ನಡೆಯಬೇಕು ಅಂತ ಭಾರತದಲ್ಲಿ ದಶಕಗಳ ಕಾಲ ಪಟ್ಟು ಹಿಡಿದವರು ಶಿಯಾಳಿ ರಾಮಾಮೃತ ರಂಗನಾಥನ್. ಪ್ರತಿ ವರ್ಷ ಆಗಸ್ಟ್ 12ರಂದು ದೇಶದ ಗ್ರಂಥಾಲಯಗಳಲ್ಲಿ ಗ್ರಂಥಪಾಲಕರ ದಿನ ಆಚರಿಸುವುದು ಇವರ ನೆನಪಿಗೇ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅಂತ ಇವರನ್ನು ಕರೆಯುವುದು ವಾಡಿಕೆ. ಭಾವಚಿತ್ರಕ್ಕೆ ಹಾರ ಹಾಕೋದು, ಭಾಷಣ ಮಾಡೋದು ವರ್ಷವರ್ಷವೂ ನಡೆಯುತ್ತೆ. ಆದರೆ ಇವರ ಬದುಕಿನಲ್ಲಿ ಇವತ್ತಿಗೆ ತೀರಾ ಬೇಕಾದ ಒಂದು ಪಾಠ ಇದೆ, ಅದರ ಬಗ್ಗೆ ಮಾತಾಡೋದು ಕಡಿಮೆ. ಗ್ರಂಥಪಾಲಕ ಕುರ್ಚಿಯಲ್ಲಿ ಕೂತು ಓದುಗರಿಗೆ ಕಾಯಬಾರದು, ಎದ್ದು ಹೋಗಿ ಊರಿಗೆ ಸುದ್ದಿ ಮುಟ್ಟಿಸಬೇಕು ಅನ್ನೋದೇ ಆ ಪಾಠ.

ಗ್ರಂಥಪಾಲಕರಿಗೆ ಡಿಜಿಟಲ್ ಮಾರ್ಕೆಟಿಂಗ್ ಕಲಿಸಬೇಕು, ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂಲಕ ಓದುಗರನ್ನು ಕರೆಯೋದು ಹೇಗೆ ಅಂತ ತರಬೇತಿ ಕೊಡಬೇಕು ಅನ್ನೋ ಮಾತು ಈಗ ಗ್ರಂಥಾಲಯ ವಲಯದಲ್ಲಿ ಕೇಳಿಬರ್ತಿದೆ. ಹೊಸ ಫ್ಯಾಷನ್ ಇದು ಅಂತ ಮೂಗು ಮುರಿಯುವವರೂ ಇದ್ದಾರೆ. ಅಂಥವರು ರಂಗನಾಥನ್ ಅವರ ಬದುಕನ್ನೊಮ್ಮೆ ನೋಡಬೇಕು. ಮೊಬೈಲ್ ಇರಲಿ, ರೇಡಿಯೊ ಕೂಡ ಹೊಸದಾಗಿದ್ದ ಕಾಲದಲ್ಲೇ ಅವರು ಗ್ರಂಥಪಾಲಕರಿಗೆ ಪ್ರಚಾರದ ವಿದ್ಯೆ ಬೇಕು ಅಂತ ಪುಸ್ತಕದಲ್ಲಿ ಬರೆದಿಟ್ಟರು.

ಶಿಯಾಳಿಯ ಹುಡುಗ, ಮಂಗಳೂರಿನ ಮೇಷ್ಟ್ರು

ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್‌ನಲ್ಲಿ, ಆಗಿನ ತಂಜಾವೂರು ಜಿಲ್ಲೆಯ ಶಿಯಾಳಿ ಕಡೆ. ಈಗ ಆ ಊರನ್ನು ಸೀರ್ಕಾಳಿ ಅಂತಾರೆ. ತಂದೆ ರಾಮಾಮೃತ ಅಯ್ಯರ್ ಜಮೀನುದಾರರು, ಊರಿನ ಜನರನ್ನು ಸೇರಿಸಿ ರಾಮಾಯಣದ ಪ್ರವಚನ ಮಾಡುತ್ತಿದ್ದವರು. ಹುಡುಗನಿಗೆ ಆರು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. ತಾಯಿ ಸೀತಾಲಕ್ಷ್ಮಿ ಮತ್ತು ಅಜ್ಜನ ಆಸರೆಯಲ್ಲಿ ಬೆಳೆದ ಹುಡುಗ ಶಿಯಾಳಿಯ ಹಿಂದೂ ಹೈಸ್ಕೂಲಿನಲ್ಲಿ ಓದಿ ಮುಂದೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಸೇರಿದ. ಮಾತು ತೊದಲುತ್ತಿತ್ತು. ಆ ತೊಂದರೆಯನ್ನು ಹಟ ಹಿಡಿದು ಹತೋಟಿಗೆ ತಂದುಕೊಂಡು, ಮುಂದೆ ಜೀವನವಿಡೀ ಭಾಷಣ ಮಾಡಿ, ಪಾಠ ಹೇಳಿಯೇ ಬದುಕಿದರು.

ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದ ಪ್ರೊಫೆಸರ್ ಎಡ್ವರ್ಡ್ ರಾಸ್ ಅವರ ಶಿಷ್ಯತ್ವ ಸಿಕ್ಕಿತು. 1913ರಲ್ಲಿ ಬಿ.ಎ., 1916ರಲ್ಲಿ ಗಣಿತದಲ್ಲಿ ಎಂ.ಎ. ಮುಗಿಯಿತು. ಆಮೇಲೆ ಸೈದಾಪೇಟೆಯ ಟೀಚರ್ಸ್ ಕಾಲೇಜಿನಲ್ಲಿ ಶಿಕ್ಷಕರ ತರಬೇತಿಯನ್ನೂ ಪಡೆದರು.

1917ರಲ್ಲಿ ಮೊದಲ ಸರ್ಕಾರಿ ನೌಕರಿ ಸಿಕ್ಕಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಘಟ್ಟದ ಮೇಲಿನ ಕಡೂರು, ತರೀಕೆರೆ ಮೈಸೂರು ಸಂಸ್ಥಾನದ ಊರುಗಳು. ಇವತ್ತಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಅಂತಲೇ ಹೆಸರಿತ್ತು. ಮಂಗಳೂರಿನಲ್ಲಿ ಮೂರು ವರ್ಷ ಪಾಠ ಮಾಡಿದ ರಂಗನಾಥನ್ ಕೊಯಮತ್ತೂರಿನಲ್ಲೂ ಕೆಲಸ ಮಾಡಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದರು. ಅಧ್ಯಾಪಕರ ಸಂಬಳ ಬಹಳ ಕಡಿಮೆ ಇದ್ದ ಕಾಲ ಅದು. ಸಂಬಳ ಹೆಚ್ಚಿಸಿ ಅಂತ ಅಧ್ಯಾಪಕರ ಸಂಘದಲ್ಲಿ ಓಡಾಡಿದವರಲ್ಲಿ ಇವರೂ ಒಬ್ಬರು.

ಬೇಡ ಬೇಡ ಅಂದ ಕೆಲಸ

1923ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ತನ್ನ ಗ್ರಂಥಾಲಯಕ್ಕೆ ಒಬ್ಬ ಗ್ರಂಥಪಾಲಕರನ್ನು ನೇಮಿಸಲು ಹೊರಟಿತು. ಸಂಬಳ ಅಧ್ಯಾಪಕರಿಗಿಂತ ಜಾಸ್ತಿ. ನೂರಾರು ಜನ ಅರ್ಜಿ ಹಾಕಿದರು. ಗೆಳೆಯರ ಒತ್ತಾಯಕ್ಕೆ ರಂಗನಾಥನ್ ಕೂಡ ಹಾಕಿದರು. ಗ್ರಂಥಾಲಯದ ಬಗ್ಗೆ ಅವರಿಗೆ ಗೊತ್ತಿದ್ದಿದ್ದು ಸಂದರ್ಶನಕ್ಕೆ ಸ್ವಲ್ಪ ಮುಂಚೆ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ಓದಿಕೊಂಡ ಒಂದು ಲೇಖನದಷ್ಟೇ. ಕೆಲಸ ಅವರಿಗೇ ಆಯಿತು. 1924ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು.

ಹೋದ ಕೆಲವೇ ದಿನಕ್ಕೆ ಬೇಜಾರು ಹತ್ತಿತು. ಕ್ಲಾಸ್ ತುಂಬಾ ಹುಡುಗರ ನಡುವೆ ಇದ್ದ ಮೇಷ್ಟ್ರಿಗೆ ಸುತ್ತಲೂ ಪುಸ್ತಕ, ಮನುಷ್ಯರೇ ಇಲ್ಲದ ಕೋಣೆ. ದಿನವಿಡೀ ಕೂತರೂ ಕೇಳೋರು ಯಾರೂ ಇಲ್ಲ. ಗಿರಾಕಿ ಬಾರದ ಅಂಗಡಿಯಲ್ಲಿ ಗಲ್ಲಾ ಮುಂದೆ ಕೂತವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ರಂಗನಾಥನ್ ಸೀದಾ ಹಳೇ ಕಾಲೇಜಿಗೆ ಹೋಗಿ ವಾಪಸ್ ಕರೆಸಿಕೊಳ್ಳಿ ಅಂತ ಕೇಳಿಕೊಂಡರು. ಲಂಡನ್ನಿಗೆ ಹೋಗಿ ಗ್ರಂಥಾಲಯದ ವಿದ್ಯೆ ಕಲಿಯುವ ಅವಕಾಶ ಹೇಗೂ ಇದೆ, ಹೋಗಿ ಬನ್ನಿ, ಬಂದಮೇಲೂ ಬೇಡ ಅನ್ನಿಸಿದರೆ ನೋಡೋಣ ಅನ್ನುವ ಷರತ್ತಿನ ಮೇಲೆ ಅವರನ್ನು ಒಪ್ಪಿಸಲಾಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರಂಥಪಾಲಕರ ಶಾಲೆ ಇತ್ತು. ಅಲ್ಲಿ ಪಾಠ ಹೇಳುತ್ತಿದ್ದವರು ಕ್ರಾಯ್ಡನ್ ಪಟ್ಟಣದ ಮುಖ್ಯ ಗ್ರಂಥಪಾಲಕ ಬರ್ವಿಕ್ ಸೇಯರ್ಸ್. ತರಗತಿಗಿಂತ ಹೆಚ್ಚಾಗಿ ರಂಗನಾಥನ್ ಕಣ್ಣು ತೆರೆಸಿದ್ದು ಊರೂರು ಸುತ್ತಿ ನೋಡಿದ ಗ್ರಂಥಾಲಯಗಳು. ನೂರಕ್ಕೂ ಹೆಚ್ಚು ಗ್ರಂಥಾಲಯ ನೋಡಿದರು ಅಂತ ಅವರ ಜೀವನ ಬರೆದವರು ಹೇಳ್ತಾರೆ. ಅಲ್ಲಿ ಕೂಲಿ ಕಾರ್ಮಿಕರು ಬರ್ತಾರೆ, ಹೆಂಗಸರು ಬರ್ತಾರೆ, ಮಕ್ಕಳಿಗೇ ಬೇರೆ ಕೋಣೆ ಇದೆ. ಪುಸ್ತಕ ಕೊಡೋದು ಪಂಡಿತರಿಗೆ ಮಾತ್ರ ಅಲ್ಲ, ಊರಿಗೆಲ್ಲಾ ಅನ್ನೋದು ಅವರಿಗೆ ಅಲ್ಲಿ ಮನದಟ್ಟಾಯಿತು. ಗಣಿತಕ್ಕೆ ವಾಪಸ್ ಹೋಗುವ ಯೋಚನೆ ಅಲ್ಲಿಗೆ ಮುಗಿಯಿತು.

ಆಟಿಕೆ ಅಂಗಡಿಯಲ್ಲಿ ಹೊಳೆದ ದಾರಿ

ಅವರ ದೊಡ್ಡ ಸಂಶೋಧನೆಗೆ ಕಾರಣವಾಗಿದ್ದು ಒಂದು ಅಂಗಡಿ. ಲಂಡನ್ನಿನ ಸೆಲ್ಫ್‌ರಿಜಸ್ ಅನ್ನೋ ದೊಡ್ಡ ಮಳಿಗೆಯಲ್ಲಿ ಮೆಕ್ಯಾನೊ ಆಟಿಕೆ ತೋರಿಸುತ್ತಿದ್ದರು. ರಂಧ್ರ ಇರುವ ಪಟ್ಟಿಗಳು, ಚಕ್ರ, ನಟ್ಟು, ಬೋಲ್ಟು ಅಷ್ಟೇ ಇರುವ ಡಬ್ಬಿ. ಅದೇ ಬಿಡಿಭಾಗಗಳನ್ನು ಬೇರೆಬೇರೆ ರೀತಿ ಜೋಡಿಸಿದರೆ ಒಂದು ಸಲ ಕ್ರೇನು, ಇನ್ನೊಂದು ಸಲ ಗಾಡಿ. ಪುಸ್ತಕಗಳ ವಿಷಯವನ್ನೂ ಹೀಗೇ ಬಿಡಿಭಾಗ ಮಾಡಿ ಜೋಡಿಸಬಹುದಲ್ಲ ಅನ್ನೋದು ರಂಗನಾಥನ್ ತಲೆಗೆ ಬಂತು.

ಉದಾಹರಣೆಗೆ ಅಡಿಕೆ ಕೊಳೆರೋಗದ ನಿಯಂತ್ರಣದ ಬಗ್ಗೆ ಒಂದು ಪುಸ್ತಕ ಇದೆ ಅಂದುಕೊಳ್ಳಿ. ಅದರಲ್ಲಿ ಬೆಳೆ ಒಂದು ಭಾಗ, ರೋಗ ಒಂದು ಭಾಗ, ನಿಯಂತ್ರಣ ಇನ್ನೊಂದು ಭಾಗ. ಒಂದೊಂದಕ್ಕೂ ಒಂದು ಸಂಕೇತ ಕೊಟ್ಟು, ನಡುವೆ ಎರಡು ಚುಕ್ಕಿಯ ಕೋಲನ್ ಚಿಹ್ನೆ ಇಟ್ಟು ಸೇರಿಸಿದರೆ ಆ ಪುಸ್ತಕದ ಜಾಗ ಗೊತ್ತಾಗುತ್ತೆ. ನಾಳೆ ತೆಂಗಿನ ರೋಗದ ಪುಸ್ತಕ ಬಂದರೆ ಬೆಳೆಯ ಸಂಕೇತ ಮಾತ್ರ ಬದಲಾಗುತ್ತೆ. ಇದೇ ಮುಂದೆ 1933ರಲ್ಲಿ ಕೋಲನ್ ವರ್ಗೀಕರಣ ಅನ್ನೋ ಹೆಸರಿನಲ್ಲಿ ಪುಸ್ತಕವಾಗಿ ಬಂತು. ಇವತ್ತು ಆನ್‌ಲೈನ್ ಅಂಗಡಿಯಲ್ಲಿ ಬೆಲೆ, ಬಣ್ಣ, ಸೈಜು, ಕಂಪನಿ ಅಂತ ಬೇರೆಬೇರೆ ಆಯ್ಕೆ ಒತ್ತಿ ಬೇಕಾದ ಷರ್ಟು ಹುಡುಕೋದರ ಹಿಂದಿನ ಲೆಕ್ಕಾಚಾರಕ್ಕೂ ಈ ಯೋಚನೆಗೂ ಹತ್ತಿರದ ಸಂಬಂಧ ಇದೆ.

ಕಪಾಟು ತೆರೆದರು, ಜನ ಬಂದರು

1925ರಲ್ಲಿ ಮದ್ರಾಸಿಗೆ ವಾಪಸ್ ಬಂದ ರಂಗನಾಥನ್ ಬೇರೆಯೇ ಮನುಷ್ಯ. ಅಲ್ಲಿಂದ ಎರಡು ದಶಕ, ದಿನಕ್ಕೆ ಹದಿಮೂರು ಗಂಟೆ, ವಾರಕ್ಕೆ ಏಳೂ ದಿನ, ರಜೆ ಹಾಕದೆ ದುಡಿದರು ಅನ್ನೋದು ಅವರ ಬಗ್ಗೆ ಪ್ರಸಿದ್ಧವಾದ ಮಾತು. ಪುಸ್ತಕಗಳನ್ನು ಬೀಗ ಹಾಕಿದ ಕಪಾಟಿನಿಂದ ಬಿಡಿಸಿ, ಓದುಗರೇ ಒಳಗೆ ಹೋಗಿ ಮುಟ್ಟಿ ನೋಡಿ ಆರಿಸಿಕೊಳ್ಳುವ ವ್ಯವಸ್ಥೆ ತಂದರು. ಕಳ್ಳತನ ಆಗುತ್ತೆ ಅನ್ನೋ ಭಯ ಆ ಕಾಲದಲ್ಲಿ ಎಲ್ಲರಿಗೂ ಇತ್ತು. ಒಂದೆರಡು ಪುಸ್ತಕ ಹೋದರೂ ಪರವಾಗಿಲ್ಲ, ಸಾವಿರ ಪುಸ್ತಕ ಯಾರೂ ಮುಟ್ಟದೆ ಧೂಳು ತಿನ್ನೋದೇ ದೊಡ್ಡ ನಷ್ಟ ಅನ್ನೋ ಲೆಕ್ಕ ಅವರದ್ದು. ಹಳೇ ಕಾಲದ ದಿನಸಿ ಅಂಗಡಿಯಲ್ಲಿ ಚೀಟಿ ಕೊಟ್ಟು ನಿಲ್ಲಬೇಕಿತ್ತು, ಈಗ ಮಾರ್ಟ್‌ಗಳಲ್ಲಿ ಬುಟ್ಟಿ ಹಿಡಿದು ಒಳಗೇ ಓಡಾಡಬಹುದು. ವ್ಯತ್ಯಾಸ ಹೆಚ್ಚುಕಡಿಮೆ ಅಷ್ಟೇ.

ಬಂದವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಏನು ಬೇಕು ಅಂತ ವಿಚಾರಿಸಿ, ಬೇಕಾದ್ದನ್ನು ಹುಡುಕಿಕೊಡುವುದಕ್ಕೇ ಸಿಬ್ಬಂದಿ ಇರಬೇಕು ಅಂತ ಹಟ ಹಿಡಿದರು. ಗ್ರಂಥಾಲಯದ ಸಿಬ್ಬಂದಿ ಅಂದ್ರೆ ಕಾವಲುಗಾರ ಅಲ್ಲ, ಓದುಗನಿಗೂ ಪುಸ್ತಕಕ್ಕೂ ಪರಿಚಯ ಮಾಡಿಸುವವನು ಅನ್ನೋದು ಅವರ ನಿಲುವು. 1936ರಲ್ಲಿ ಗ್ರಂಥಾಲಯಕ್ಕೆ ಮರೀನಾ ಕಡಲತೀರದ ಬಳಿ ಸ್ವಂತ ಕಟ್ಟಡವಾಯಿತು.

ಐದು ಸೂತ್ರ ಏನು ಹೇಳುತ್ತೆ

1928ರ ಕೊನೆಯ ತಿಂಗಳುಗಳು ರಂಗನಾಥನ್ ಬದುಕಿನ ಕಠಿಣ ಕಾಲ. ಆ ವರ್ಷ ಮೊದಲ ಪತ್ನಿ ರುಕ್ಮಿಣಿ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಚಿದಂಬರಂ ಬಳಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಅವರು ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಮೊದಲ ಬಾರಿಗೆ ಜನರ ಮುಂದಿಟ್ಟರು. 1931ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಅವನ್ನು ಪುಸ್ತಕವಾಗಿ ಪ್ರಕಟಿಸಿತು. ಜಗತ್ತಿನ ಗ್ರಂಥಾಲಯ ಶಾಲೆಗಳಲ್ಲಿ ಇವತ್ತಿಗೂ ಅದನ್ನು ಪಾಠ ಮಾಡ್ತಾರೆ.

ಸೂತ್ರಗಳ ತಿರುಳು ಸರಳ. ಪುಸ್ತಕ ಇಟ್ಟುಕೊಂಡು ಕಾಯೋದಕ್ಕಲ್ಲ, ಬಳಸೋದಕ್ಕೆ. ಬಡವ, ಶ್ರೀಮಂತ, ಗಂಡು, ಹೆಣ್ಣು, ಹಳ್ಳಿ, ಪಟ್ಟಣ ಅನ್ನದೆ ಪ್ರತಿಯೊಬ್ಬರಿಗೂ ಅವರಿಗೆ ಬೇಕಾದ ಪುಸ್ತಕ ಸಿಗಬೇಕು. ತಂದಿಟ್ಟ ಪ್ರತಿ ಪುಸ್ತಕಕ್ಕೂ ಅದನ್ನು ಓದುವವರನ್ನು ಹುಡುಕಬೇಕು. ಬಂದವರ ಸಮಯ ಹಾಳು ಮಾಡಬಾರದು. ಗ್ರಂಥಾಲಯ ಅನ್ನೋದು ಬೆಳೀತಾ ಹೋಗುವ ಜೀವ, ಕಟ್ಟಿದ ದಿನ ಹೇಗಿತ್ತೋ ಹಾಗೇ ಇರುತ್ತೆ ಅಂದುಕೊಳ್ಳಬಾರದು.

ಈ ಐದರಲ್ಲಿ ಮೂರನೆಯದು ವ್ಯಾಪಾರ ಗೊತ್ತಿರುವವರಿಗೆ ತಕ್ಷಣ ಅರ್ಥವಾಗುವಂಥದ್ದು. ಮಾಲು ತಂದು ಗೋದಾಮಿನಲ್ಲಿಟ್ಟರೆ ವ್ಯಾಪಾರ ಆಗಲ್ಲ, ಗಿರಾಕಿಗೆ ಗೊತ್ತಾಗಬೇಕು. ಪುಸ್ತಕಕ್ಕೂ ಅದೇ ನ್ಯಾಯ. ಈ ಸೂತ್ರ ವಿವರಿಸುವಾಗ ರಂಗನಾಥನ್ ಕಪಾಟಿನ ಜೋಡಣೆ, ಪಟ್ಟಿ, ದಿನಪತ್ರಿಕೆ ಓದುವ ಕೋಣೆ ಇವುಗಳ ಜೊತೆಗೆ ಪ್ರಚಾರಕ್ಕೂ ಪ್ರತ್ಯೇಕ ಜಾಗ ಕೊಟ್ಟಿದ್ದಾರೆ. ಹೊಸದಾಗಿ ಬಂದ ಪುಸ್ತಕಗಳನ್ನು ಎಲ್ಲರ ಕಣ್ಣಿಗೆ ಬೀಳುವ ಕಡೆ ಇಡಬೇಕು. ಪತ್ರಿಕೆಗೆ ಸುದ್ದಿ ಕೊಡಬೇಕು. ಭಾಷಣ, ಪ್ರದರ್ಶನ ಇಟ್ಟು ಪುಸ್ತಕ ಮುಟ್ಟದವರನ್ನೂ ಒಳಗೆ ಕರೆಯಬೇಕು. ರೇಡಿಯೊ ಬಂದರೆ ಅದನ್ನೂ ಬಳಸಿಕೊಳ್ಳಬೇಕು. ಗ್ರಂಥಾಲಯ ಪ್ರಚಾರ ಮಾಡಿಕೊಳ್ಳೋದು ಅಗ್ಗದ ಕೆಲಸ ಅನ್ನೋ ಸಂಕೋಚ ಅವರಿಗೆ ಇರಲಿಲ್ಲ.

ತರಬೇತಿ ಇಲ್ಲದೆ ಆಗಲ್ಲ

ಇಷ್ಟೆಲ್ಲಾ ಮಾಡೋದಕ್ಕೆ ಜನ ಬೇಕಲ್ಲ? ಆ ಕಾಲದಲ್ಲಿ ಬೇರೆ ಯಾವ ಕೆಲಸಕ್ಕೂ ಬೇಡವಾದವರನ್ನು ಗ್ರಂಥಾಲಯಕ್ಕೆ ಹಾಕುವ ಪದ್ಧತಿ ಇತ್ತು. ಬಾಗಿಲು ತೆಗೆದು, ಬಾಗಿಲು ಹಾಕೋದಕ್ಕೆ ಎಂಥ ತರಬೇತಿ ಅನ್ನೋ ಮನೋಭಾವ. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಹುಟ್ಟಿದಾಗಿನಿಂದ ಅದರ ಕಾರ್ಯದರ್ಶಿಯಾಗಿದ್ದ ರಂಗನಾಥನ್ ಮರುವರ್ಷವೇ, ಅಂದರೆ 1929ರ ಬೇಸಿಗೆಯಲ್ಲಿ, ಗ್ರಂಥಪಾಲಕರ ತರಬೇತಿ ಶಾಲೆ ಶುರು ಮಾಡಿಸಿದರು. 1931ರಲ್ಲಿ ವಿಶ್ವವಿದ್ಯಾಲಯವೇ ಅದನ್ನು ವಹಿಸಿಕೊಂಡಿತು. ಮುಂದೆ ಅದು ಪದವಿ ಮುಗಿಸಿದವರ ಡಿಪ್ಲೊಮಾ ಕೋರ್ಸ್ ಆಯಿತು.

ವರ್ಗೀಕರಣ, ಪಟ್ಟಿ ತಯಾರಿ ಕಲಿಸಿದಷ್ಟೇ ಮುತುವರ್ಜಿಯಿಂದ ಓದುಗರ ಜೊತೆ ನಡೆದುಕೊಳ್ಳುವುದನ್ನೂ ಕಲಿಸಬೇಕು ಅನ್ನೋದು ಅವರ ಒತ್ತಾಯ. ಓದುಗ ಏನು ಕೇಳ್ತಿದ್ದಾನೆ, ನಿಜವಾಗಿ ಅವನಿಗೆ ಬೇಕಾಗಿರೋದು ಏನು ಅಂತ ತಿಳಿಯೋದು ಕೂಡ ಕಲಿಯಬೇಕಾದ ವಿದ್ಯೆ. ಇದರ ಬಗ್ಗೆಯೇ ಅವರು ಬೇರೆ ಪುಸ್ತಕ ಬರೆದರು. ಗ್ರಂಥಪಾಲಕರಿಗೆ ಅಧ್ಯಾಪಕರಷ್ಟೇ ಸ್ಥಾನಮಾನ, ಸಂಬಳ ಸಿಗಬೇಕು ಅಂತಲೂ ಕೊನೆಯವರೆಗೆ ವಾದಿಸಿದರು.

ಎತ್ತಿನ ಗಾಡಿ ಮೇಲೆ ಪುಸ್ತಕ

ಪಟ್ಟಣದಲ್ಲಿ ಕಟ್ಟಡ ಇದೆ, ಹಳ್ಳಿಗೇನು ಮಾಡೋದು? ಬರೋಡಾ ಸಂಸ್ಥಾನದಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡ್ 20ನೇ ಶತಮಾನದ ಆರಂಭದಲ್ಲೇ ಪುಸ್ತಕದ ಪೆಟ್ಟಿಗೆಗಳನ್ನು ಹಳ್ಳಿಗೆ ಕಳಿಸುವ ವ್ಯವಸ್ಥೆ ಮಾಡಿದ್ದರು. ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ನಿವೃತ್ತ ಎಂಜಿನಿಯರ್ ಕನಕಸಭೈ ಪಿಳ್ಳೆ ಎತ್ತಿನ ಗಾಡಿಯನ್ನೇ ಗ್ರಂಥಾಲಯ ಮಾಡಿದರು. ಗಾಡಿಗೆ ಕಪಾಟು ಜೋಡಿಸಿ, ಪುಸ್ತಕ ತುಂಬಿ, ಸುತ್ತಲಿನ ಹಳ್ಳಿಗಳಿಗೆ ಹೊಡೆದುಕೊಂಡು ಹೋಗುವ ಏರ್ಪಾಡು. 1931ರ ಅಕ್ಟೋಬರಿನಲ್ಲಿ ಆ ಗಾಡಿಗೆ ಚಾಲನೆ ಕೊಟ್ಟವರು ರಂಗನಾಥನ್.

ಸಂತೆಗೆ ತರಕಾರಿ, ಬಟ್ಟೆ ಹೊತ್ತು ಹೋಗುವ ವ್ಯಾಪಾರಿಗಳನ್ನು ನೋಡಿದ ಈ ಭಾಗದ ಜನಕ್ಕೆ ಇದು ವಿಚಿತ್ರ ಅನ್ನಿಸಲಾರದು. ಗಿರಾಕಿ ಇರುವ ಕಡೆ ಮಾಲು ಹೋಗಬೇಕು. ಓದು ಬಾರದವರಿಗೆ ಓದಿ ಹೇಳುವುದೂ ಗ್ರಂಥಾಲಯದ ಕೆಲಸವೇ ಅಂತ ರಂಗನಾಥನ್ ನಂಬಿದ್ದರು.

ಕಾಶಿ, ದೆಹಲಿ ಸುತ್ತಿ ಬೆಂಗಳೂರಿಗೆ

1945ರಲ್ಲಿ ಮದ್ರಾಸ್ ಬಿಟ್ಟರು. ಸರ್ವಪಲ್ಲಿ ರಾಧಾಕೃಷ್ಣನ್ ಆಗ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕುಲಪತಿ. ಅವರ ಕರೆಯ ಮೇಲೆ ಕಾಶಿಗೆ ಹೋಗಿ, ಅಲ್ಲಿನ ಸುಮಾರು 1 ಲಕ್ಷ ಪುಸ್ತಕಗಳನ್ನು ಹೊಸದಾಗಿ ವರ್ಗೀಕರಿಸಿದರು. 1947ರಿಂದ 1954ರವರೆಗೆ ದೆಹಲಿ ವಿಶ್ವವಿದ್ಯಾಲಯದಲ್ಲಿದ್ದು, ಗ್ರಂಥಾಲಯ ವಿಜ್ಞಾನದಲ್ಲಿ ಪದವಿಯಿಂದ ಪಿಎಚ್‌ಡಿವರೆಗೆ ಓದುವ ದಾರಿ ಮಾಡಿಕೊಟ್ಟರು. ಕೆಲವು ಕಾಲ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದ್ದರು. ಜೀವಮಾನದ ಉಳಿತಾಯದಲ್ಲಿ 1 ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟು, ಪತ್ನಿ ಶಾರದಾ ಅವರ ಹೆಸರು ಸೇರಿಸಿ ಗ್ರಂಥಾಲಯ ವಿಜ್ಞಾನದ ಪೀಠ ಸ್ಥಾಪಿಸಿದರು. 1950ರ ದಶಕದ 1 ಲಕ್ಷ ಅಂದರೆ ಸಣ್ಣ ದುಡ್ಡಲ್ಲ. 1957ರಲ್ಲಿ ಪದ್ಮಶ್ರೀ ಬಂತು.

ಕೊನೆಯ ಹದಿನೈದು ವರ್ಷ ಕಳೆದಿದ್ದು ಬೆಂಗಳೂರಿನಲ್ಲಿ. ನಿವೃತ್ತಿಯ ವಯಸ್ಸು ದಾಟಿ ಎಷ್ಟೋ ವರ್ಷವಾಗಿತ್ತು. ಆದರೂ 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಬೆಂಗಳೂರಿನಲ್ಲಿ ಕಟ್ಟಿದರು. ಡಿ.ಆರ್.ಟಿ.ಸಿ. ಅಂತ ಹೆಸರಾದ ಸಂಸ್ಥೆ ಅದು, ಇವತ್ತಿಗೂ ಇದೆ. ಕಾರ್ಖಾನೆ, ಪ್ರಯೋಗಾಲಯಗಳಿಗೆ ಬೇಕಾದ ಮಾಹಿತಿಯನ್ನು ಬೇಗ ಹುಡುಕಿಕೊಡುವ ಹೊಸ ತಲೆಮಾರಿನ ಗ್ರಂಥಪಾಲಕರು ಅಲ್ಲಿ ತಯಾರಾದರು. 1965ರಲ್ಲಿ ಕೇಂದ್ರ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ಗೌರವಿಸಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಆಗ ಅವರಿಗೆ 80 ವರ್ಷ.

ಕರ ಬಂದ ಕಥೆ

ಗ್ರಂಥಾಲಯಕ್ಕೆ ಕಾನೂನು ಬೇಕು ಅನ್ನೋ ರಂಗನಾಥನ್ ಹೋರಾಟ ಶುರುವಾಗಿದ್ದು 1930ರಲ್ಲಿ. ಆ ವರ್ಷ ಕಾಶಿಯಲ್ಲಿ ನಡೆದ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಮಾದರಿ ಗ್ರಂಥಾಲಯ ಕಾಯ್ದೆಯ ಕರಡು ಮಂಡಿಸಿದರು. ಅದು ಫಲ ಕೊಡೋದಕ್ಕೆ ಹದಿನೆಂಟು ವರ್ಷ ಬೇಕಾಯಿತು. 1948ರಲ್ಲಿ ಮದ್ರಾಸ್ ಪ್ರಾಂತ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ತಂದಿತು. ಆಗ ಮದ್ರಾಸಿಗೆ ಸೇರಿದ್ದ ಮಂಗಳೂರು ಭಾಗ ಅದರ ವ್ಯಾಪ್ತಿಗೆ ಬಂತು, ಮೈಸೂರು ಸೀಮೆಯ ಊರುಗಳು ಬರಲಿಲ್ಲ.

ಮೈಸೂರು ರಾಜ್ಯದಲ್ಲಿ ಕಾಯ್ದೆ ಆಗಿದ್ದು 1965ರಲ್ಲಿ, ರಂಗನಾಥನ್ ಬೆಂಗಳೂರಿನಲ್ಲೇ ಇದ್ದಾಗ. ಈಗ ಅದೇ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಅವರು ದಶಕಗಳಿಂದ ಹೇಳುತ್ತಾ ಬಂದಿದ್ದ ಎರಡು ಮುಖ್ಯ ಅಂಶ ಅದರಲ್ಲಿವೆ. ಒಂದು, ರಾಜ್ಯಕ್ಕೊಂದು ಗ್ರಂಥಾಲಯ ಇಲಾಖೆ, ನಗರ ಮತ್ತು ಜಿಲ್ಲೆಗಳಿಗೆ ಗ್ರಂಥಾಲಯ ಪ್ರಾಧಿಕಾರ. ಇನ್ನೊಂದು, ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ. ಅಂಗಡಿ ಬಾಗಿಲು ತೆಗೆದು ಕೂತವರೂ, ಹಳ್ಳಿಯ ಮನೆ ಮಾಲೀಕರೂ ಇವತ್ತು ಗ್ರಂಥಾಲಯಕ್ಕೆ ದುಡ್ಡು ಕೊಡ್ತಿರೋದು ಈ ದಾರಿಯಲ್ಲಿ.

ಮೊಬೈಲ್ ಕಾಲದಲ್ಲಿ ಅದೇ ಪಾಠ

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವುಗಳಿಗೆ ಅರಿವು ಕೇಂದ್ರ ಅನ್ನೋ ಹೆಸರು. 2020ರಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರುವಾಯಿತು. ಹೆಸರು ನೋಂದಾಯಿಸಿಕೊಂಡರೆ ಮೊಬೈಲಿನಲ್ಲೇ ಉಚಿತವಾಗಿ ಪುಸ್ತಕ ಓದಬಹುದು. ಯಗಟಿ, ಸಖರಾಯಪಟ್ಟಣ, ಲಿಂಗದಹಳ್ಳಿ, ಶಿವನಿ ಕಡೆಯ ಹುಡುಗರು ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ದೂರದ ಊರಿಗೆ ಹೋಗಬೇಕಾದ ಅಗತ್ಯ ಇದರಿಂದ ಎಷ್ಟೋ ಕಡಿಮೆ ಆಗಬಹುದು. ಆದರೆ ಇಂಥದ್ದೊಂದು ಇದೆ ಅಂತ ಅವರಿಗೆ ಹೇಳೋರು ಯಾರು?

ಹೇಳಬೇಕಾದವರು ಗ್ರಂಥಪಾಲಕರೇ. ಅವರಿಗೆ ಡಿಜಿಟಲ್ ಮಾರ್ಕೆಟಿಂಗ್ ಕಲಿಸೋದು ಅಂದ್ರೆ ರಂಗನಾಥನ್ ಹೇಳಿದ್ದನ್ನೇ ಇವತ್ತಿನ ಸಲಕರಣೆಯಲ್ಲಿ ಮಾಡಿಸೋದು. ಗೂಗಲ್ ಮ್ಯಾಪಿನಲ್ಲಿ ಗ್ರಂಥಾಲಯದ ಜಾಗ, ತೆರೆಯುವ ಹೊತ್ತು, ರಜೆ ದಿನ ಸರಿಯಾಗಿ ಹಾಕೋದು ಮೊದಲ ಕೆಲಸ. ಬಂದವರು ಬೀಗ ನೋಡಿ ವಾಪಸ್ ಹೋದರೆ ಸಮಯದ ಸೂತ್ರ ಅಲ್ಲೇ ಮುರಿದುಹೋಯಿತು. ಹೊಸ ಪುಸ್ತಕ ಬಂದ ದಿನ ಅದರ ಮುಖಪುಟದ ಫೋಟೊ ತೆಗೆದು, ಯಾರಿಗೆ ಉಪಯೋಗ ಅಂತ ಎರಡು ಸಾಲು ಬರೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕೋದು ಎರಡನೇ ಕೆಲಸ. ಹೊಸ ಪುಸ್ತಕ ಎಲ್ಲರ ಕಣ್ಣಿಗೆ ಬೀಳಬೇಕು ಅಂತ ರಂಗನಾಥನ್ ಹೇಳಿದ್ದು ಇದನ್ನೇ.

ಎಲ್ಲರಿಗೂ ಒಂದೇ ಸಂದೇಶ ಕಳಿಸಿದರೆ ಯಾರೂ ಓದಲ್ಲ. ತೆಂಗು, ಅಡಿಕೆ ಬೆಳೆಗಾರರಿಗೆ ಕೃಷಿ ಪುಸ್ತಕದ ಸುದ್ದಿ, ಪರೀಕ್ಷೆ ಬರೆಯುವವರಿಗೆ ಅವರ ಪುಸ್ತಕದ ಸುದ್ದಿ, ಮಕ್ಕಳಿರುವ ಮನೆಗೆ ಕಥೆಪುಸ್ತಕದ ಸುದ್ದಿ ಅಂತ ಬೇರೆಬೇರೆ ಮಾಡಿ ಕಳಿಸಬೇಕು. ಪ್ರತಿಯೊಬ್ಬರಿಗೂ ಅವರ ಪುಸ್ತಕ ಅನ್ನೋ ಎರಡನೇ ಸೂತ್ರ ಇದು. ಸದಸ್ಯರ ಫೋನ್ ನಂಬರನ್ನು ಅವರ ಒಪ್ಪಿಗೆ ಇಲ್ಲದೆ ಗ್ರೂಪಿಗೆ ಸೇರಿಸಬಾರದು, ಯಾರು ಯಾವ ಪುಸ್ತಕ ಒಯ್ದರು ಅನ್ನೋದನ್ನು ಹೊರಗೆ ಹಾಕಬಾರದು. ಇದೂ ತರಬೇತಿಯ ಭಾಗ ಆಗಬೇಕು. ಎಷ್ಟು ಲೈಕ್ ಬಂತು ಅನ್ನೋದು ಲೆಕ್ಕ ಅಲ್ಲ. ಪೋಸ್ಟ್ ಹಾಕಿದ ವಾರ ಎಷ್ಟು ಪುಸ್ತಕ ಹೊರಗೆ ಹೋಯಿತು, ಎಷ್ಟು ಹೊಸ ಸದಸ್ಯರು ಆದರು ಅನ್ನೋದು ಲೆಕ್ಕ.

ಇದರಲ್ಲಿ ಒಂದು ಎಚ್ಚರಿಕೆ ಇದೆ. ರಂಗನಾಥನ್ ಬರೀ ಪ್ರಚಾರ ಮಾಡಿ ಜನರನ್ನು ಕರೆದವರಲ್ಲ. ಕಪಾಟು ತೆರೆದರು, ಪುಸ್ತಕ ಜೋಡಿಸಿದರು, ವಿಚಾರಿಸಲು ಸಿಬ್ಬಂದಿ ಕೇಳಿದರು, ದುಡ್ಡಿಗೆ ಕಾನೂನು ಕೇಳಿದರು. ಹೊಸ ಪುಸ್ತಕ ಇಲ್ಲದೆ, ಬಾಗಿಲು ಸರಿಯಾದ ಹೊತ್ತಿಗೆ ತೆಗೆಯದೆ, ಗ್ರಂಥಪಾಲಕರಿಗೆ ನ್ಯಾಯವಾದ ಸಂಬಳ ಕೊಡದೆ, ಕೈಗೊಂದು ಮೊಬೈಲ್ ಕೊಟ್ಟು ಪ್ರಚಾರ ಮಾಡಿ ಅಂದರೆ ಅದು ಖಾಲಿ ಅಂಗಡಿಗೆ ದೊಡ್ಡ ಬೋರ್ಡು ಹಾಕಿದ ಹಾಗೆ. ಒಂದು ಸಲ ಬಂದ ಗಿರಾಕಿ ಎರಡನೇ ಸಲ ಬರಲ್ಲ.

ಅಂಗಡಿಯವರ ಸಹಾಯ ಇಲ್ಲಿ ದೊಡ್ಡದು. ಕಡೂರು, ತರೀಕೆರೆ, ಅಜ್ಜಂಪುರದ ಬಹುತೇಕ ಅಂಗಡಿಗಳ ಗಲ್ಲಾ ಮೇಲೆ ಈಗ ದುಡ್ಡು ಕಳಿಸುವ ಕ್ಯೂಆರ್ ಕೋಡ್ ಇದೆ. ಅದರ ಪಕ್ಕದಲ್ಲೇ ಡಿಜಿಟಲ್ ಗ್ರಂಥಾಲಯದ ಒಂದು ಕ್ಯೂಆರ್ ಕೋಡ್, ಊರಿನ ಗ್ರಂಥಾಲಯ ತೆರೆಯುವ ವೇಳೆಯ ಚೀಟಿ ಅಂಟಿಸಲು ಗ್ರಂಥಪಾಲಕರು ಕೇಳಿದರೆ ಜಾಗ ಕೊಡೋದಕ್ಕೆ ಖರ್ಚೇನಿಲ್ಲ. ಕಟಿಂಗ್ ಶಾಪ್, ಹೋಟೆಲ್, ಜೆರಾಕ್ಸ್ ಅಂಗಡಿ ಇವೆಲ್ಲ ಜನ ಸ್ವಲ್ಪ ಹೊತ್ತು ಕೂರುವ, ನಿಲ್ಲುವ ಜಾಗಗಳು. ವ್ಯಾಪಾರ ಹೇಗೆ ಮಾಡೋದು, ಗಿರಾಕಿಯನ್ನು ಹೇಗೆ ಮಾತಾಡಿಸೋದು ಅಂತ ಗ್ರಂಥಪಾಲಕರಿಗೆ ಹೇಳಿಕೊಡಬಲ್ಲವರು ಪೇಟೆಯಲ್ಲೇ ಇದ್ದಾರೆ.

ಮುಂದಿನ ಆಗಸ್ಟ್ 12ಕ್ಕೆ ಗ್ರಂಥಾಲಯಗಳಲ್ಲಿ ರಂಗನಾಥನ್ ಭಾವಚಿತ್ರಕ್ಕೆ ಮತ್ತೆ ಹೂವು ಬೀಳುತ್ತೆ. ಅಷ್ಟರೊಳಗೆ ಒಂದು ಸಲ ಹೋಗಿ ಸದಸ್ಯತ್ವದ ಅರ್ಜಿ ಕೇಳಿ ನೋಡಿ. ಬೇಕಾದ ಪುಸ್ತಕ ಇಲ್ಲದಿದ್ದರೆ ಬರೆದು ಕೊಟ್ಟು ಬನ್ನಿ. ಯಾವ ಪುಸ್ತಕ ಜನಕ್ಕೆ ಬೇಕು ಅಂತ ಗ್ರಂಥಪಾಲಕರಿಗೆ ತಿಳಿಯೋದು ಹಾಗೆ ಕೇಳಿದಾಗಲೇ.